ಮೂರು ಪಾಳಿಗೆ ಒಬ್ಬಳೇ

ರಸ್ತೆಯಲ್ಲಿ ಬಿದ್ದು ತಲೆಗೆ ಪೆಟ್ಟಾದವನ ವಿಷಯದಲ್ಲಿ ನಮ್ಮ ಸರ್ಕಾರಗಳು ಗಡಿಯಾರ ನೋಡುವುದನ್ನು ಕಲಿತಿವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಮೊದಲ ಒಂದು ಗಂಟೆಗೆ ‘ಸುವರ್ಣ ಗಂಟೆ’ ಎಂದು ಹೆಸರಿಟ್ಟಿತು. ಕರ್ನಾಟಕ 2016ರಲ್ಲಿ ತಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಕೊಡುತ್ತೇನೆಂದಿತು. ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸೆಯ ಯೋಜನೆ ಅದನ್ನು ಏಳು ದಿನಕ್ಕೆ, ಒಂದೂವರೆ ಲಕ್ಷ ರೂಪಾಯಿಗೆ ಏರಿಸಿತು. ಮೂರೂ ಒಳ್ಳೆಯ ಕೆಲಸಗಳೇ. ದುಡ್ಡು ಕಟ್ಟುವವರಿಲ್ಲ ಎಂಬ ಒಂದೇ ಕಾರಣಕ್ಕೆ ಬಾಗಿಲಲ್ಲೇ ಪ್ರಾಣ ಹೋದ ಕಥೆಗಳನ್ನು ಕೇಳಿ ಬೆಳೆದ ನಾವು ಇವನ್ನು ಹಗುರವಾಗಿ ಕಾಣಬಾರದು.

ಆದರೆ ಮಿದುಳಿನ ಲೆಕ್ಕದಲ್ಲಿ ಏಳು ದಿನ ಏನೇನೂ ಅಲ್ಲ. ಎಷ್ಟೋ ಸಲ ಏಳನೆಯ ದಿನಕ್ಕೆ ಊತ ಕೂಡ ಇಳಿದಿರುವುದಿಲ್ಲ. ಕಣ್ಣು ಬಿಡುವುದು, ಗುರುತು ಹಿಡಿಯುವುದು, ನುಂಗುವುದು, ನಿಲ್ಲುವುದು, ಇದು ಯಾವ ತಿಂಗಳು ಎಂದು ಹೇಳುವುದು, ಕೋಪ ಬಂದಾಗ ತಡೆದುಕೊಳ್ಳುವುದು ಎಲ್ಲ ಅದರ ಆಚೆಗಿನ ಮಾತು. ಅದು ತಿಂಗಳುಗಳ, ವರ್ಷಗಳ ಮಾತು. ಆ ವರ್ಷಗಳನ್ನು ನೋಡಿಕೊಳ್ಳುವ ಯೋಜನೆ ಯಾವುದು ಎಂದು ಹುಡುಕಿದರೆ ಸಿಗುವ ಉತ್ತರ ಒಂದೇ: ಮನೆಯವರು. ಅದರಲ್ಲೂ ಹೆಚ್ಚಿನ ಕಡೆ ಹೆಂಡತಿ ಅಥವಾ ತಾಯಿ. ಅವಳು ಮಾಡುವುದನ್ನು ನಾವು ಪ್ರೀತಿ, ಋಣ, ತಾಳ್ಮೆ ಎಂದೆಲ್ಲ ಕರೆದು ಕೈಮುಗಿಯುತ್ತೇವೆ. ನಾನು ಹೇಳುವುದಿಷ್ಟೆ: ಅದು ಕೆಲಸ. ಕಲಿತು ಮಾಡಬೇಕಾದ, ಪಾಳಿ ಬದಲಾಗಬೇಕಾದ, ಕೂಲಿ ಇರಬೇಕಾದ ಕೆಲಸ. ನಮ್ಮ ಕೈಮುಗಿತ ಬಹಳ ಕಾಲದಿಂದ ಆ ಮೂರನ್ನೂ ಕೊಡದಿರಲು ಒಂದು ನೆಪವಾಗಿದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಗಾಯಗೊಂಡವರು 4,43,366 ಮಂದಿ. ಕರ್ನಾಟಕದಲ್ಲೇ 11,702 ಸಾವು. ಸತ್ತವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ಬೈಕು, ಸ್ಕೂಟರಿನವರು. ಹೆಲ್ಮೆಟ್ಟಿಲ್ಲದವರದೂ ಒಂದು ಪಟ್ಟಿ ಅದರಲ್ಲಿದೆ. ಆದರೆ ಗಾಯಗೊಂಡ ನಾಲ್ಕೂವರೆ ಲಕ್ಷದಷ್ಟು ಜನರಲ್ಲಿ ಮಿದುಳಿನ ಶಾಶ್ವತ ಊನ ಹೊತ್ತು ಮನೆಗೆ ಮರಳಿದವರೆಷ್ಟು ಎಂಬುದಕ್ಕೆ ಅಲ್ಲಿ ಒಂದು ಕಲಮು ಇಲ್ಲ. ಎಣಿಸದೆ ಬಿಟ್ಟದ್ದಕ್ಕೆ ಬಜೆಟ್ಟಿನಲ್ಲಿ ಹಣ ಇಡುವವರು ಯಾರು?

ತಲೆಗೆ ಪೆಟ್ಟು ಬಿದ್ದವನನ್ನು ಕ್ಯಾಷುವಾಲ್ಟಿಗೆ ತಂದ ಕೂಡಲೇ ಚೀಟಿಯ ಮೇಲೆ ಒಂದು ಅಂಕಿ ಬೀಳುತ್ತದೆ. ಕಣ್ಣು ಬಿಡುತ್ತಾನೆಯೇ, ಮಾತಾಡುತ್ತಾನೆಯೇ, ಹೇಳಿದ ಹಾಗೆ ಕೈಕಾಲು ಆಡಿಸುತ್ತಾನೆಯೇ ಎಂದು ನೋಡಿ 3ರಿಂದ 15ರವರೆಗೆ ಕೊಡುವ ಅಂಕಿ ಅದು. ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ನರಶಸ್ತ್ರತಜ್ಞರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ರೂಪಿಸಿದ ಈ ಅಳತೆ ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೂ ಬಾಯಿಪಾಠ. ಅದೇ ಗ್ಲಾಸ್ಗೋದಿಂದ 1986ರಲ್ಲಿ ಇನ್ನೊಂದು ಅಧ್ಯಯನ ಬಂತು. ನೀಲ್ ಬ್ರೂಕ್ಸ್ ಮತ್ತು ಜೊತೆಗಾರರು ತೀವ್ರ ಪೆಟ್ಟು ಬಿದ್ದವರ ಮನೆಮಂದಿಯನ್ನು ಐದು ವರ್ಷದ ನಂತರ ಮಾತಾಡಿಸಿದ್ದರು. ಕಾಲ ಕಳೆದ ಹಾಗೆ ಮನೆಯವರ ಹೊರೆ ಇಳಿಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅವರು ಕಂಡದ್ದು ಬೇರೆ. ಮೊದಲ ವರ್ಷಕ್ಕಿಂತ ಐದನೆಯ ವರ್ಷದಲ್ಲಿ ಹೊರೆ ಹೆಚ್ಚಿತ್ತು. ಅದೂ ಕೈಕಾಲಿನ ಊನದಿಂದಲ್ಲ, ಸ್ವಭಾವ ಬದಲಾದದ್ದರಿಂದ. ಮೊದಲನೆಯ ಅಳತೆ ನಮ್ಮ ಆಸ್ಪತ್ರೆಗಳಿಗೆಲ್ಲ ಬಂದು ತಲುಪಿತು. ಎರಡನೆಯ ತಿಳಿವಳಿಕೆ ವಾರ್ಡಿನ ಹೊರಗೆ ಚಾಪೆ ಹಾಸಿ ಕೂತವರ ಕಿವಿಗೆ ಇನ್ನೂ ಬಿದ್ದಿಲ್ಲ.

ಡಿಸ್ಚಾರ್ಜಿನ ದಿನವನ್ನೇ ನೋಡಿ. ಬಿಲ್ಲು, ಇನ್ಶೂರೆನ್ಸು, ಆಂಬುಲೆನ್ಸು ಎಂದು ಮನೆಯ ಗಂಡಸರು ಮೇಲೆ ಕೆಳಗೆ ಓಡಾಡುತ್ತಿರುತ್ತಾರೆ. ಇತ್ತ ಮಂಚದ ಪಕ್ಕದಲ್ಲಿ ಸಿಸ್ಟರ್ ಹೆಂಡತಿಗೆ ಹೇಳಿಕೊಡುತ್ತಿರುತ್ತಾರೆ. “ನೋಡಮ್ಮಾ, ಊಟ ಹಾಕೋ ಮುಂಚೆ ಪೈಪು ಹೊಟ್ಟೆಯಲ್ಲೇ ಇದೆಯಾ ಅಂತ ಸಿರಿಂಜಿನಲ್ಲಿ ಎಳೆದು ನೋಡ್ಬೇಕು. ರಾಗಿ ಗಂಜಿ ಬಟ್ಟೆಯಲ್ಲಿ ಶೋಧಿಸಿ ಹಾಕಿ, ಗಂಟಿದ್ದರೆ ಕಟ್ಕೊಳ್ಳುತ್ತೆ. ಒತ್ತಬೇಡಿ, ಸಿರಿಂಜು ಎತ್ತರಕ್ಕೆ ಹಿಡೀರಿ, ತಾನೇ ಇಳಿಯುತ್ತೆ. ಆಮೇಲೆ ನೀರು ಹಾಕಿ ತೊಳೀರಿ. ಅರ್ಧ ಗಂಟೆ ಮಲಗಿಸಬೇಡಿ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸಿ. ತಲೆಯ ಈ ಕಡೆ ಮೂಳೆ ಇಲ್ಲ, ಈ ಮಗ್ಗುಲಿಗೆ ಮಾತ್ರ ಮಲಗಿಸಲೇಬೇಡಿ.” ಊತಕ್ಕೆ ಜಾಗ ಮಾಡಿಕೊಡಲೆಂದು ತೆಗೆದ ಬುರುಡೆಯ ತುಂಡು ಎಷ್ಟೋ ರೋಗಿಗಳ ಹೊಟ್ಟೆಯ ಚರ್ಮದ ಕೆಳಗೇ ಇರುತ್ತದೆ. ಕೆಲವು ತಿಂಗಳ ಮೇಲೆ ಅದನ್ನು ತಿರುಗಿ ಕೂರಿಸುತ್ತಾರೆ. ಗಂಡನ ತಲೆಯ ಮೂಳೆ ಗಂಡನ ಹೊಟ್ಟೆಯಲ್ಲಿದೆ ಎಂಬ ಸಂಗತಿಯನ್ನು ಅರಗಿಸಿಕೊಳ್ಳುತ್ತಲೇ ಆಕೆ ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕು. ಹೇಳಿಕೊಟ್ಟ ಸಿಸ್ಟರ್ ಇದನ್ನು ಕಲಿತದ್ದು ವರ್ಷಗಟ್ಟಲೆ ಕಾಲೇಜಿನಲ್ಲಿ. ಈಕೆಗೆ ಸಿಕ್ಕಿದ್ದು ಆಂಬುಲೆನ್ಸ್ ಬರುವ ತನಕದ ಹೊತ್ತು.

ಇಲ್ಲಿ ತಪ್ಪು ಆ ಸಿಸ್ಟರದಲ್ಲ. ಅವರ ಹಿಂದೆ ಇನ್ನೂ ಎಷ್ಟೋ ಮಂಚಗಳಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ಮಾತು ಮರಳಿ ಕಲಿಸಲು ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಬೀದರಿನವರೋ ಕಾರವಾರದವರೋ ವಾರಕ್ಕೆ ಮೂರು ಸಲ ಅಲ್ಲಿಗೆ ಬಂದುಹೋಗಲಾರರು. ಜಿಲ್ಲೆಗಳಲ್ಲಿ ಫಿಸಿಯೋ ಸಿಗುತ್ತಾರೆ. ಮಾತು ಕಲಿಸುವವರು, ಮರೆವಿನ ಜೊತೆ ಬದುಕುವುದನ್ನು ಕಲಿಸುವವರು ಸಿಗುವುದು ವಿರಳ. ವಿಮೆಯಾಗಲಿ ಸರ್ಕಾರಿ ಆರೋಗ್ಯ ಕಾರ್ಡಾಗಲಿ ಮುಖ್ಯವಾಗಿ ಹಣ ಕೊಡುವುದು ಆಸ್ಪತ್ರೆಯ ಮಂಚಕ್ಕೆ, ಮನೆಯ ಮಂಚಕ್ಕಲ್ಲ.

“ಮೊದಲಿನ ಹಾಗೆ ಆಗ್ತಾರಾ ಡಾಕ್ಟ್ರೇ?” ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಸಿಗುವ ಉತ್ತರಗಳು ಎರಡು ಬಗೆಯವು. ಒಂದು, “ಕಾಯ್ಬೇಕು, ದೇವರಿದ್ದಾನೆ.” ಇನ್ನೊಂದು, “ಹೆಚ್ಚು ಆಸೆ ಇಟ್ಕೋಬೇಡಿ.” ಎರಡೂ ಮನೆಯವರಿಗೆ ಉಪಯೋಗಕ್ಕೆ ಬರುವ ಮಾತುಗಳಲ್ಲ. ಅಮೆರಿಕದ ಹಲವು ಆಸ್ಪತ್ರೆಗಳ ರೋಗಿಗಳನ್ನು ಹಿಂಬಾಲಿಸಿ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ವಾರ ಕಳೆದರೂ ಕಣ್ಣು ಬಿಟ್ಟಿದ್ದು ಅರಿವಿಲ್ಲದೆ ಮಲಗಿದ್ದ 79 ಮಂದಿಯಲ್ಲಿ 62 ಮಂದಿಗೆ ವರ್ಷ ತುಂಬುವಷ್ಟರಲ್ಲಿ ಅರಿವು ಮರಳಿತ್ತು. ಎರಡನೇ ವಾರಕ್ಕೇ ಕೈಚೆಲ್ಲುವುದು ತಪ್ಪು ಎಂಬುದಕ್ಕೆ ಇಷ್ಟು ಸಾಕು. ಅದೇ ಅಧ್ಯಯನದ ಇನ್ನೊಂದು ಅಂಕಿ: ತಾನು ಯಾರು, ಎಲ್ಲಿದ್ದೇನೆ, ಇದು ಯಾವ ಕಾಲ ಎಂಬ ತಿಳಿವು ಅವರ ಪೈಕಿ ಮರಳಿದ್ದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಎರಡನ್ನೂ ಒಟ್ಟಿಗೆ ಹೇಳುವ ವ್ಯವಧಾನ ವೈದ್ಯರಿಗೆ ಇರಬೇಕು. ಅವನು ಎಚ್ಚರಗೊಳ್ಳಬಹುದು, ಎಚ್ಚರಗೊಂಡವನು ನೀವು ಕಾಯುತ್ತಿದ್ದ ಆ ಮನುಷ್ಯನೇ ಆಗಿರದೆ ಇರಬಹುದು.

ಈ ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೊರಗಿನವರಿಗೆ ಅರ್ಥವಾಗದ ಭಾಗ ಅದೇ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನೊಬ್ಬನಿಗೆ ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾಗಿದೆ ಎಂದಿಟ್ಟುಕೊಳ್ಳಿ. ವರ್ಷದ ನಂತರ ಅವನು ನಡೆಯುತ್ತಾನೆ, ಉಣ್ಣುತ್ತಾನೆ, ಬಾಲ್ಯದ ಜಾತ್ರೆಯ ಕಥೆಯನ್ನು ಸೊಗಸಾಗಿ ಹೇಳುತ್ತಾನೆ. ನೋಡಲು ಬಂದ ಸೋದರತ್ತೆ, “ಏನಾಗಿದ್ಯೇ ಇವನಿಗೆ, ಕಲ್ಲುಗುಂಡಿನ ಹಾಗಿದಾನೆ” ಎಂದು ಕಾಫಿ ಕುಡಿದು ಹೋಗುತ್ತಾಳೆ. ಅತ್ತೆ ನೋಡದೆ ಇರುವುದು ಇವು: ಬಚ್ಚಲಿಗೆ ಹೋದವನು ಮೈಮೇಲೆ ನೀರು ಹಾಕಿಕೊಳ್ಳದೆ ಸುಮ್ಮನೆ ಕೂತಿರುತ್ತಾನೆ, ‘ಈಗ ಚೊಂಬು ತಗೊಳ್ಳಿ’ ಎಂದು ಹೊರಗಿನಿಂದ ಹೇಳಬೇಕು. ಮಗಳ ಪರೀಕ್ಷೆಯ ದಿನ ಟಿವಿಯ ಸದ್ದು ಕಡಿಮೆ ಮಾಡಿದ್ದಕ್ಕೆ ರಿಮೋಟು ಎಸೆಯುತ್ತಾನೆ, ಹತ್ತು ನಿಮಿಷಕ್ಕೆ ಮರೆತು ನಗುತ್ತಾನೆ. ಕೇಳಿದವರಿಗೆಲ್ಲ ದುಡ್ಡು ಕೊಡುತ್ತಾನೆ. ತನಗೇನೂ ಆಗಿಲ್ಲ, ಮಂಡಿಗೆ ನಾಳೆಯಿಂದ ಹೋಗುತ್ತೇನೆ ಎನ್ನುತ್ತಾನೆ. ಅದು ಹಟವೂ ಅಲ್ಲ, ಸುಳ್ಳೂ ಅಲ್ಲ. ತನ್ನ ಊನವನ್ನು ತಾನೇ ಕಾಣಬೇಕಾದ ಭಾಗಕ್ಕೇ ಪೆಟ್ಟು ಬಿದ್ದಿದೆ. ಇದನ್ನು ಯಾರೂ ಹೇಳಿಕೊಡದ ಮನೆಯಲ್ಲಿ ‘ಬೇಕಂತಲೇ ಮಾಡ್ತಾನೆ’ ಎಂಬ ತೀರ್ಮಾನ ಬೇಗ ಬರುತ್ತದೆ. ನಂತರ ಮಂತ್ರವಾದಿ, ಹರಕೆ, ಹೊಡೆತ, ಕೆಲವು ಕಡೆ ಕೋಣೆಗೆ ಬೀಗ. ಇವಕ್ಕೆಲ್ಲ ಮನೆಯವರ ಕ್ರೌರ್ಯ ಕಾರಣ ಎನ್ನುವುದು ಸುಲಭ. ಅವರನ್ನು ಕತ್ತಲೆಯಲ್ಲಿಟ್ಟು ಕಳಿಸಿದವರು ಯಾರು ಎಂಬುದನ್ನೂ ಕೇಳಬೇಕು.

ನರವಿಜ್ಞಾನದ ಪಾಠಗಳಲ್ಲಿ ಫಿನಿಯಾಸ್ ಗೇಜ್ ಎಂಬ ಅಮೆರಿಕದ ರೈಲ್ವೆ ಮೇಸ್ತ್ರಿಯ ಕಥೆ ತಪ್ಪದೆ ಬರುತ್ತದೆ. 1848ರ ಸೆಪ್ಟೆಂಬರಿನಲ್ಲಿ ಬಂಡೆ ಸಿಡಿಸುವಾಗ ಕಬ್ಬಿಣದ ಹಾರೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದ, ಆದರೆ ಸ್ವಭಾವ ಕೆಟ್ಟು ಬೇರೆಯೇ ಮನುಷ್ಯನಾದ, ಕೆಲಸ ಕಳೆದುಕೊಂಡ. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ನನಗೆ ಹೆಚ್ಚು ಮುಖ್ಯ. ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ದಿನವೂ ಅದೇ ಕುದುರೆಗಳಿಗೆ ಮೇವು, ಅದೇ ದಾರಿ, ಅದೇ ಹೊತ್ತು. ಈ ಕಟ್ಟುನಿಟ್ಟಿನ ದಿನಚರಿಯೇ ಅವನನ್ನು ಬಹುಮಟ್ಟಿಗೆ ಸರಿದಾರಿಗೆ ತಂದಿರಬೇಕು ಎಂದು ಅವನ ಬದುಕನ್ನು ಶೋಧಿಸಿದ ಮನೋವಿಜ್ಞಾನಿ ಮಾಲ್ಕಂ ಮ್ಯಾಕ್‌ಮಿಲನ್ ವಾದಿಸಿದ್ದಾರೆ. ಆರೋಗ್ಯ ಕೆಟ್ಟಾಗ ಕೊನೆಗೆ ಅವನು ಸೇರಿದ್ದು ತಾಯಿಯ ಮನೆಗೆ, 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ. ಅಂದರೆ ಮಿದುಳಿಗೆ ಪೆಟ್ಟಾದವನ ಚೇತರಿಕೆಯಲ್ಲಿ ಹೊರಗಿನ ಶಿಸ್ತಿಗೆ, ಅವನ ಪರವಾಗಿ ಯಾರೋ ಕಟ್ಟಿಕೊಡುವ ದಿನಚರಿಗೆ ದೊಡ್ಡ ಪಾತ್ರವಿದೆ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ದಿನದ ಕೆಲಸಗಳು, ಬಚ್ಚಲ ಬಾಗಿಲಿಗೆ ಅಂಟಿಸಿದ ಚೀಟಿ, ಅದೇ ಹೊತ್ತಿಗೆ ಊಟ, ಸಂಜೆಯ ಮೇಲೆ ನೆಂಟರಿಗೆ ಪ್ರವೇಶವಿಲ್ಲ. ಇದೂ ಔಷಧಿಯೇ. ಇದನ್ನು ಕೊಡುವವರು ಮನೆಯವರು.

ಇಂಥ ಹೆಂಗಸನ್ನು ಕಂಡಾಗ ನಮ್ಮ ಜನ ಹೇಳುವ ಮಾತು, “ಸಾವಿತ್ರಿ ಕಣಮ್ಮಾ ನೀನು.” ಹೊಗಳಿಕೆಯಲ್ಲಿ ಕಪಟವಿಲ್ಲ. ಆದರೆ ಸಾವಿತ್ರಿಯ ಕೆಲಸ ಒಂದು ದಿನದ್ದು. ಯಮನ ಬೆನ್ನು ಹತ್ತಿ ವಾದ ಮಾಡಿ ಗಂಡನನ್ನು ಹೋದ ಹಾಗೆಯೇ ವಾಪಸು ತಂದಳು. ಎದ್ದ ಸತ್ಯವಾನ ಅವಳ ಹೆಸರು ಮರೆತಿರಲಿಲ್ಲ, ಅವಳ ಮೇಲೆ ಚೊಂಬು ಎಸೆಯಲಿಲ್ಲ. ಯಮನು ಅರ್ಧ ಮಾತ್ರ ಬಿಟ್ಟುಕೊಟ್ಟ ಗಂಡನ ಜೊತೆ ಇಪ್ಪತ್ತು ವರ್ಷ ಬಾಳುವವಳಿಗೆ ನಮ್ಮಲ್ಲಿ ಪುರಾಣವೂ ಇಲ್ಲ, ವ್ರತವೂ ಇಲ್ಲ. ಸತ್ತವರಿಗೆ ಹನ್ನೊಂದನೆಯ ದಿನ ಎಂದಿದೆ. ಊರು ಬಂದು ಅತ್ತು, ಉಂಡು, ದುಃಖಕ್ಕೆ ಒಂದು ಗಡಿ ಹಾಕಿ ಹೋಗುತ್ತದೆ. ಎದುರಿಗೇ ಉಸಿರಾಡುತ್ತಿರುವವನಲ್ಲಿ ಕಳೆದುಹೋದವನಿಗಾಗಿ ಅತ್ತರೆ ಅಪಶಕುನ ಎನ್ನುತ್ತಾರೆ. ಅಮೆರಿಕದ ನರಮನೋವಿಜ್ಞಾನಿ ಮ್ಯೂರಿಯಲ್ ಲೆಝಾಕ್ 1978ರಷ್ಟು ಹಿಂದೆಯೇ ಬರೆದದ್ದು ಇದೇ ಸಂಕಟದ ಬಗ್ಗೆ. ಇಂಥವರ ಹೆಂಡತಿಗೆ ಶೋಕಿಸಲೂ ಆಗದು, ಬಿಟ್ಟು ಹೋಗಲೂ ಆಗದು.

ಇನ್ನು ಪಾಳಿಯ ಮಾತಿಗೆ ಬರುತ್ತೇನೆ. ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಎಸಗಿದ ಅತ್ಯಾಚಾರದಲ್ಲಿ ಅವರ ಮಿದುಳಿಗೆ ರಕ್ತ ನಿಂತಿತು. ಮತ್ತೆ ಚೇತರಿಸಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳಿಗೂ ಮಿಕ್ಕಿ, ಅವರನ್ನು ನೋಡಿಕೊಂಡದ್ದು ಕೆಇಎಂನ ದಾದಿಯರು. ಅಷ್ಟು ವರ್ಷ ಮಲಗಿದ್ದ ದೇಹಕ್ಕೆ ಬೆನ್ನುಹುಣ್ಣು ಆಗಗೊಡದೆ ನೋಡಿಕೊಂಡರು ಎಂದು ದೇಶವೇ ಬೆರಗುಪಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ಅರ್ಜಿಯನ್ನು ತಳ್ಳಿಹಾಕುವಾಗ ಈ ದಾದಿಯರ ಮಾತಿಗೇ ಹೆಚ್ಚು ಬೆಲೆ ಕೊಟ್ಟಿತು. ಅವರ ಪ್ರೀತಿ ದೊಡ್ಡದು, ಸಂದೇಹವಿಲ್ಲ. ಆದರೆ ಆ ಪ್ರೀತಿ ನಲವತ್ತು ವರ್ಷ ಬಾಡದೆ ಉಳಿದದ್ದರ ಹಿಂದೆ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅವರಿಗೆ ಪಾಳಿ ಇತ್ತು. ಡ್ಯೂಟಿ ಮುಗಿಸಿ ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದರು. ರಜೆ ಇತ್ತು, ಸಂಬಳ ಇತ್ತು, ನಿವೃತ್ತಿ ಇತ್ತು. ಒಬ್ಬರು ನಿವೃತ್ತರಾದರೆ ಹೊಸಬರು ಬರುತ್ತಿದ್ದರು. ಅದೇ ಕಾಲದಲ್ಲಿ ಅರುಣಾರ ಬಂಧುಗಳು ಬರಲಿಲ್ಲ, ನೋಡಿಕೊಳ್ಳಲಿಲ್ಲ ಎಂದು ಬೈದವರು ಬಹಳ. ಒಂದು ಇಡೀ ಆಸ್ಪತ್ರೆ ಮೂರು ಪಾಳಿಯಲ್ಲಿ ಮಾಡಿದ್ದನ್ನು ಒಂದು ಸಂಸಾರ ಪಾಳಿಯೇ ಇಲ್ಲದೆ ಮಾಡಬೇಕಿತ್ತು ಎಂದು ನಾವು ಎಷ್ಟು ಸಲೀಸಾಗಿ ಅಪೇಕ್ಷಿಸುತ್ತೇವೆ!

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೆಂದರೆ ದಿನಕ್ಕೆ ಹನ್ನೆರಡು ಸಲ, ಅದರಲ್ಲಿ ನಾಲ್ಕು ಸಲವಾದರೂ ನಡುರಾತ್ರಿಯಲ್ಲಿ. ಒಬ್ಬಳೇ ಇದ್ದರೆ ಅವಳಿಗೆ ನಿದ್ದೆ ಯಾವಾಗ ಎಂದು ಯಾರೂ ಕೇಳುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಮಂದಿಯ ಆರೈಕೆ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 134 ನಿಮಿಷ, ಗಂಡಸರು 76 ನಿಮಿಷ ಕೊಡುತ್ತಾರೆಂದು ಲೆಕ್ಕ ಸಿಕ್ಕಿತು. ಮಿದುಳಿಗೆ ಪೆಟ್ಟಾದವನಿರುವ ಮನೆಗೆ ನಿಮಿಷಗಳ ಲೆಕ್ಕ ಸಾಲದು.

‘ಅವಿಭಕ್ತ ಕುಟುಂಬ ಇದ್ದಿದ್ದರೆ ಈ ಪಾಡು ಬರುತ್ತಿರಲಿಲ್ಲ’ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಅರ್ಧ ನಿಜ. ಹಳೆಯ ದೊಡ್ಡ ಮನೆಯಲ್ಲಿ ಪಾಳಿ ನಿಜವಾಗಿಯೂ ಇತ್ತು. ಆದರೆ ಆ ಪಾಳಿಗೆ ನಿಂತವರು ಯಾರು? ಎಳೆಯದರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಸೋದರತ್ತೆ, ಮದುವೆಯಾಗದ ಮಗಳು, ಆಸ್ತಿಯಲ್ಲಿ ಪಾಲಿಲ್ಲದ ಚಿಕ್ಕಮ್ಮ. ಬೇರೆಲ್ಲೂ ಹೋಗಲು ದಾರಿಯಿಲ್ಲದವರ ದುಡಿಮೆಯ ಮೇಲೆ ನಿಂತ ವ್ಯವಸ್ಥೆ ಅದು. ಅದು ಹೋಯಿತೆಂದು ಅಳುವುದಕ್ಕಿಂತ ಅದರ ಜಾಗದಲ್ಲಿ ಏನು ಇಡಬೇಕು ಎಂದು ಯೋಚಿಸುವುದು ಮರ್ಯಾದೆ.

ಯೋಚಿಸಲು ಮಾದರಿಗಳೇ ಇಲ್ಲವೆಂದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡು ನೋಡಿಕೊಳ್ಳುವುದನ್ನು ಕಲಿಸಿ ಕಳಿಸಿದರು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಸ್ಚಾರ್ಜಿಗೆ ಮುನ್ನ ಒಂದು ವಾರ ಮನೆಯವರ ಕೈಯಲ್ಲೇ ಎಲ್ಲ ಮಾಡಿಸಿ ನೋಡುವುದಕ್ಕೆ ಡೇರೆಯೂ ಬೇಡ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ರೂಪಿಸಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಯ ಮೂಲಕ ನರ್ಸ್ ಬಂದುಹೋಗುತ್ತಾರೆ. ಆರೈಕೆ ಮಾಡುವವರಿಗೆಂದೇ ‘ಆಶ್ವಾಸಕಿರಣಂ’ ಎಂಬ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇಟ್ಟರು. ಅಷ್ಟರಲ್ಲಿ ಡೈಪರೂ ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಹಾಸಿಗೆಯ ಮೇಲಿರುವವನ ಹೆಸರಿನಲ್ಲಲ್ಲದೆ ಪಕ್ಕದಲ್ಲಿ ಕೂತವಳ ಹೆಸರಿನಲ್ಲಿ ಸರ್ಕಾರ ಒಂದು ಲೆಕ್ಕ ತೆರೆಯಿತಲ್ಲ, ಅದು ಸಣ್ಣದಲ್ಲ.

ಕಾನೂನಿನಲ್ಲೂ ಕಿಂಡಿಗಳಿವೆ, ಗೋಡೆಗಳೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪ ಮಾಡುತ್ತದೆ. ಅದರ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಪಾರ್ಕಿನ್ಸನ್ ಕಾಯಿಲೆಯ ಹೆಸರಿದೆ, ಮಿದುಳಿನ ಪೆಟ್ಟಿನ ಹೆಸರು ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಮನೆಯವರು ರೋಗಿಯನ್ನು ತುಂಡು ತುಂಡಾಗಿ ಬೋರ್ಡಿನ ಮುಂದೆ ಇಡಬೇಕು: ಕಾಲಿಗೆ ಇಷ್ಟು ಶೇಕಡ, ಮಾತಿಗೆ ಇಷ್ಟು. ರಿಮೋಟು ಎಸೆಯುವವನಿಗೆ, ಬಚ್ಚಲಲ್ಲಿ ಸುಮ್ಮನೆ ಕೂರುವವನಿಗೆ ಯಾವ ಶೇಕಡ? ಗಂಡ ಕೋಮಾದಲ್ಲಿದ್ದರೆ ಅವನ ಬ್ಯಾಂಕ್ ಖಾತೆಯಿಂದ ಅವನ ಚಿಕಿತ್ಸೆಗೇ ದುಡ್ಡು ತೆಗೆಯಲು ಹೆಂಡತಿಗೆ ಅಧಿಕಾರವಿಲ್ಲ. ಕೋಮಾದಲ್ಲಿರುವ ವಯಸ್ಕನಿಗೆ ಪೋಷಕರನ್ನು ನೇಮಿಸುವ ನೇರ ಕಾಯ್ದೆ ಇಲ್ಲದ ಕಾರಣ ಹೈಕೋರ್ಟಿಗೆ ರಿಟ್ ಹಾಕಬೇಕು. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೆ ಮಾರ್ಗಸೂಚಿ ಬರೆಯಿತು. ಗಂಜಿ ಶೋಧಿಸುವ ನಡುವೆ ಆಕೆ ವಕೀಲರನ್ನೂ ಹುಡುಕಬೇಕು.

‘ಮನೆಯವರ ಸೇವೆಗೆ ಬೆಲೆ ಕಟ್ಟಿದರೆ ಸೇವೆ ಕೆಡುತ್ತದೆ’ ಎಂಬ ಆಕ್ಷೇಪ ನನಗೆ ಎಲ್ಲಕ್ಕಿಂತ ಟೊಳ್ಳಾಗಿ ಕಾಣುತ್ತದೆ. ಬೆಲೆ ಕಟ್ಟುವ ಕೆಲಸವನ್ನು ಸುಪ್ರೀಂ ಕೋರ್ಟ್ ಈಗಾಗಲೇ ಮಾಡಿದೆ. ಅಪಘಾತದಲ್ಲಿ ಮಿದುಳಿಗೆ ತೀವ್ರ ಪೆಟ್ಟಾಗಿ ಎಳೆಗೂಸಿನ ಬುದ್ಧಿಮಟ್ಟಕ್ಕಿಳಿದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಪರಿಹಾರದ ಪ್ರಕರಣ 2020ರಲ್ಲಿ ಅದರ ಮುಂದೆ ಬಂತು. ನೋಡಿಕೊಳ್ಳಲು ಒಬ್ಬರಲ್ಲ, ಇಬ್ಬರು ಬೇಕು ಎಂದು ನ್ಯಾಯಾಲಯ ಒಪ್ಪಿತು. ತಲಾ 5,000ದಂತೆ ತಿಂಗಳಿಗೆ 10,000 ರೂಪಾಯಿ, ಒಟ್ಟು 21,60,000 ರೂಪಾಯಿಯನ್ನು ಆರೈಕೆಯ ಬಾಬ್ತಿಗೇ ಕಟ್ಟಿಕೊಟ್ಟಿತು. ಅಲ್ಲಿ ವಿಮೆಯಿದ್ದ ವಾಹನವಿತ್ತು, ಅದರ ನಂಬರು ಗೊತ್ತಿತ್ತು. ಗುದ್ದಿದ ಗಾಡಿ ಕತ್ತಲೆಯಲ್ಲಿ ಮಾಯವಾಗಿದ್ದರೆ, ಈಗ ಜಾರಿಯಲ್ಲಿರುವ 2022ರ ಯೋಜನೆಯಡಿ ತೀವ್ರವಾಗಿ ಗಾಯಗೊಂಡವನಿಗೆ ಸಿಗುವುದು ಒಟ್ಟು 50,000 ರೂಪಾಯಿ. ಸುಪ್ರೀಂ ಕೋರ್ಟಿನ ದರದಲ್ಲೇ ಎಣಿಸಿದರೆ ಅದು ಐದು ತಿಂಗಳಿಗೆ ಮುಗಿಯುತ್ತದೆ. ಅಡಿಕೆ ಮರದಿಂದ ಬಿದ್ದವನಿಗೆ, ಕಟ್ಟಡದ ಸಾರುವೆ ಕುಸಿದು ಬಿದ್ದ ದಿನಗೂಲಿಯವನಿಗೆ ಮೋಟಾರು ವಾಹನ ಕಾಯ್ದೆಯಿಂದ ಅಷ್ಟೂ ಸಿಗುವುದಿಲ್ಲ. ಅವರ ಮಗ್ಗುಲನ್ನೂ ಎರಡು ಗಂಟೆಗೊಮ್ಮೆಯೇ ಬದಲಿಸಬೇಕು.